ನಾರ್ಸ್ ಪುರಾಣದಲ್ಲಿ ಎಲ್ಫ್‌ಗಳು ದೇವರುಗಳ ಆಳುಗಳಾ, ನೆಂಟರಾ, ಶತ್ರುಗಳಾ?

ನೀವು ಕೇಳಿರೋದು ಏನಂದ್ರೆ ಎಲ್ಫ್‌ಗಳು ದೇವರುಗಳ ಯಜಮಾನ ಓಡಿನ್ ಕೈಕೆಳಗೆ ಕೆಲಸ ಮಾಡೋರಾ ಇಲ್ಲ ಅವರದ್ದೇ ಬೇರೆ ಪಾರ್ಟಿನಾ, ಗೇಮ್‌ಗಳಲ್ಲಿ ತೋರಿಸೋ ಬೆಳಕಿನ ಎಲ್ಫ್, ಕತ್ತಲೆ ಎಲ್ಫ್ ಯುದ್ಧ ನಿಜಾನಾ ಅಂತ. ನಾನು ಸ್ಕಾಲರ್ ಅಲ್ಲ, ಎಡ್ಡಾ ಕವಿತೆಗಳನ್ನ (ನಾರ್ಸ್ ಅಂದ್ರೆ ಹಳೆ ಸ್ಕ್ಯಾಂಡಿನೇವಿಯಾದವರ ದೇವರ ಕಥೆ ಹೇಳೋ ಪದ್ಯಗಳು) ಇಂಗ್ಲಿಷ್ ಅನುವಾದದಲ್ಲಿ ಮತ್ತೆ ಮತ್ತೆ ಓದೋ ಹುಚ್ಚು ಅಷ್ಟೇ. ನನಗೆ ಕಂಡಿದ್ದು ಹೇಳ್ತೀನಿ. ಆಳುಗಳಲ್ಲ, ಶತ್ರುಗಳೂ ಅಲ್ಲ. ಪಕ್ಕದ ಮನೆಯವರು ಅಂದ್ಕೊಳ್ಳಿ, ಔತಣಕ್ಕೆ ಕರೆದ್ರೆ ಬರ್ತಾರೆ, ಆದ್ರೆ ಅವರ ಮನೆ ಒಳಗಿನ ಕಥೆ ಯಾರೂ ನಮಗೆ ಹೇಳಿಲ್ಲ.

ಮೊದಲು ಒಂದು ಮಾತು, ಎಲ್ಫ್ ಅಂದ ತಕ್ಷಣ ಯಕ್ಷ ಗಂಧರ್ವ ಅಂತ ಹಾಕೋಕೆ ಕೈ ತುರಿಸುತ್ತೆ, ಹಾಕ್ಬೇಡಿ, ಹಾಕಿದ್ರೆ ಇಲ್ಲದ ಅರ್ಥ ಎಲ್ಲಾ ಬಂದು ಅಂಟ್ಕೊಳ್ಳುತ್ತೆ. ಅವರ ಭಾಷೇಲಿ ಒಬ್ಬ ಆಲ್ಫ್, ತುಂಬಾ ಜನ ಆಲ್ಫರ್. ದೇವರುಗಳ ಮುಖ್ಯ ಗುಂಪು ಏಸಿರ್, ಅಂದ್ರೆ ಓಡಿನ್, ಥಾರ್ ಇವರೆಲ್ಲ. ಇನ್ನೊಂದು ಗುಂಪು ವಾನಿರ್, ಫ್ರೇಯರ್, ಫ್ರೇಯಾ, ಅವರಪ್ಪ ನ್ಯೋರ್ಡ್. ಕವಿತೆಗಳಲ್ಲಿ ಮತ್ತೆ ಮತ್ತೆ ಬರೋದು "ಏಸಿರ್ ಮತ್ತು ಆಲ್ಫರ್" ಅನ್ನೋ ಜೋಡಿ, ನಾವು "ದೇವ್ರು ದಿಂಡ್ರು" ಅಂತೀವಲ್ಲ ಆ ತರ ಒಂದೇ ಉಸಿರಲ್ಲಿ. ಇದಕ್ಕೆ ಒಂದು ಸಿಂಪಲ್ ಕಾರಣನೂ ಇದೆ, ಹಳಗನ್ನಡದಲ್ಲಿ ಎರಡನೇ ಅಕ್ಷರಕ್ಕೆ ಪ್ರಾಸ ಇಡೋ ಹಾಗೆ ಅವರು ಪದದ ಮೊದಲ ಶಬ್ದಕ್ಕೆ ಪ್ರಾಸ ಇಡ್ತಾರೆ, ಎರಡೂ ಪದ ಸ್ವರದಿಂದ ಶುರು, ಕವಿಗೆ ರೆಡಿಮೇಡ್ ಜೋಡಿ. ಆದ್ರೆ ಬರೀ ಪ್ರಾಸಕ್ಕೆ ಅಂತ ತಳ್ಳಿಹಾಕೋಕೆ ಆಗಲ್ಲ. ವೋಲುಸ್ಪಾ ಕವಿತೇಲಿ ಲೋಕ ಮುಳುಗೋ ಹೊತ್ತಿಗೆ ಬರೋ ಪ್ರಶ್ನೆನೇ "ಏಸಿರ್ ಗತಿ ಏನು, ಆಲ್ಫರ್ ಗತಿ ಏನು" ಅಂತ. ಕುಳ್ಳರು, ಅಂದ್ರೆ ಡ್ವಾರ್ಫ್‌ಗಳು, ಅದೇ ಪದ್ಯದಲ್ಲಿ ಕಲ್ಲಿನ ಬಾಗಿಲ ಮುಂದೆ ನರಳ್ತಾ ನಿಂತಿರ್ತಾರೆ, ದೇವರ ಜೊತೆ ಜೋಡಿ ಆಗೋ ಭಾಗ್ಯ ಅವರಿಗಿಲ್ಲ.

ಲೋಕಸೆನ್ನಾ ಅನ್ನೋ ಕವಿತೆ ನೋಡಿ, ನನ್ನ ಫೇವರಿಟ್. ಸಮುದ್ರದ ಏಗಿರ್ ಮನೇಲಿ ಬಿಯರ್ ಪಾರ್ಟಿ, ಥಾರ್ ಊರಲ್ಲಿಲ್ಲ, ತಂಟೆಕೋರ ಲೋಕಿ ಒಳಗೆ ನುಗ್ಗಿ ಒಬ್ಬೊಬ್ಬರ ಮಾನ ಹರಾಜು ಹಾಕ್ತಾನೆ. ಅವನು ಒಳಗೆ ಬರೋ ಮುಂಚೆನೇ ಬಾಗಿಲಲ್ಲಿರೋ ಆಳು ಹೇಳ್ತಾನೆ, ಇಲ್ಲಿರೋ ಏಸಿರ್‌ನಲ್ಲೂ ಆಲ್ಫರ್‌ನಲ್ಲೂ ನಿನ್ನ ಬಗ್ಗೆ ಒಳ್ಳೆ ಮಾತಾಡೋನು ಒಬ್ಬನೂ ಇಲ್ಲ ಅಂತ. ಆಮೇಲೆ ಲೋಕಿ ಫ್ರೇಯಾಗೆ, ಇಲ್ಲಿರೋ ಏಸಿರ್ ಆಲ್ಫರ್ ಒಬ್ಬೊಬ್ಬರ ಜೊತೆಗೂ ನೀನು ಮಲಗಿದೀಯ ಅಂತ ಮುಖಕ್ಕೆ ಹೊಡೆದ ಹಾಗೆ ಅಂತಾನೆ. ಸರಿ, ಆಲ್ಫರ್ ಇದಾರೆ, ಕೂತು ಕುಡೀತಾ ಇದಾರೆ. ಆದ್ರೆ ಇಡೀ ಕವಿತೇಲಿ ಇವನು ಆಲ್ಫ್ ಅಂತ ಹೆಸರು ಹಿಡಿದು ಒಬ್ಬನನ್ನೂ ಹೇಳಲ್ಲ! ಹೆಸರು ಇರೋ ಅತಿಥಿಗಳಲ್ಲಿ ಹೆಚ್ಚಿನೋರು ಏಸಿರ್ ಇಲ್ಲಾ ವಾನಿರ್, ಜೊತೆಗೆ ಫ್ರೇಯರ್‌ನ ಆಳುಗಳು ಬಿಗ್‌ವಿರ್, ಬೇಲಾ.

ಇಲ್ಲಿಂದಲೇ ಒಂದು ಥಿಯರಿ ಹುಟ್ಟಿರೋದು, ಆಲ್ಫರ್ ಅಂದ್ರೆ ವಾನಿರ್‌ಗೇ ಇನ್ನೊಂದು ಹೆಸರು ಅಂತ. ಇದಕ್ಕೆ ಸಪೋರ್ಟ್ ಗ್ರಿಮ್ನಿಸ್ಮಾಲ್ ಕವಿತೇಲಿದೆ, ಆದಿಕಾಲದಲ್ಲಿ ದೇವರುಗಳು ಫ್ರೇಯರ್‌ಗೆ ಆಲ್ಫ್‌ಹೈಮ್, ಅಂದ್ರೆ ಆಲ್ಫರ್ ಲೋಕ, "ಹಲ್ಲಿನ ಕಾಣಿಕೆ"ಯಾಗಿ ಕೊಟ್ರಂತೆ. ಮಗುಗೆ ಮೊದಲ ಹಲ್ಲು ಬಂದಾಗ ಕೊಡೋ ಉಡುಗೊರೆ ಅದು. ಒಂದು ಇಡೀ ಲೋಕಾನೇ ಮಗು ಕೈಗೆ! (ಏಸಿರ್ ವಾನಿರ್ ಯುದ್ಧ ಮುಗಿದ ಮೇಲೆ ಒತ್ತೆಯಾಳಾಗಿ ಏಸಿರ್ ಹತ್ರ ಬಂದೋನಿಗೆ ಹಾಲುಹಲ್ಲಿನ ಉಡುಗೊರೆ ಹೇಗೆ ಅಂತ ಕೇಳ್ಬೇಡಿ, ಈ ಕವಿತೆಗಳು ಒಂದಕ್ಕೊಂದು ಲೆಕ್ಕ ಒಪ್ಪಿಸಲ್ಲ.) ಅವನು ಅಲ್ಲಿ ರಾಜ ಆಗಿ ಆಲ್ಫರ್‌ನ ಆಳಿದ ಅಂತ ಎಲ್ಲೂ ಇಲ್ಲ, ವೆಬ್‌ಸೈಟ್‌ಗಳಲ್ಲಿ "ಎಲ್ಫ್‌ಗಳ ರಾಜ ಫ್ರೇಯರ್" ಅಂತ ಬರೆಯೋದು ಈ ಒಂದು ಸಾಲನ್ನ ಎಳೆದು ಎಳೆದು ಮಾಡಿದ್ದು. ನಾನಂತೂ ಆಲ್ಫರ್, ವಾನಿರ್ ಇಬ್ಬರೂ ಒಂದೇ ಅನ್ನೋದನ್ನ ಒಪ್ಪಲ್ಲ. ಯಾಕಂದ್ರೆ ಆಲ್ವಿಸ್ಮಾಲ್ ಅನ್ನೋ ಕವಿತೇಲಿ ಥಾರ್ ಮಗಳನ್ನ ಮದುವೆ ಆಗೋಕೆ ಬಂದ ಕುಳ್ಳನನ್ನ ಥಾರ್ ರಾತ್ರಿಯೆಲ್ಲ ಕೂರಿಸಿ ಕ್ವಿಜ್ ಮಾಡ್ತಾನೆ, ಭೂಮಿಗೆ ಯಾರ್ಯಾರು ಏನಂತಾರೆ, ಬಾರ್ಲಿಗೆ ಏನಂತಾರೆ ಅಂತ, ಅದ್ರಲ್ಲಿ ವಾನಿರ್ ಹೇಳೋ ಪದನೇ ಬೇರೆ ಆಲ್ಫರ್ ಹೇಳೋ ಪದನೇ ಬೇರೆ. ಸೂರ್ಯನಿಗೆ ಆಲ್ಫರ್ ಇಟ್ಟ ಹೆಸರು "ಚೆಂದದ ಚಕ್ರ". ಪಾಪ ಆ ಕುಳ್ಳ ಉತ್ತರ ಹೇಳ್ತಾ ಹೇಳ್ತಾ ಬೆಳಗಾಗಿ, ಬಿಸಿಲು ಬಿದ್ದು ಮುಗಿದುಹೋದ.

ಬೆಳಕು ಕತ್ತಲೆ ವಿಷಯ. ಇದು ಪೂರ್ತಿ ಈ ಕಥೆಗಳನ್ನ ಐಸ್‌ಲ್ಯಾಂಡಲ್ಲಿ ಗದ್ಯವಾಗಿ ಬರೆದಿಟ್ಟ ಸ್ನೋರಿ ಸ್ಟುರ್ಲುಸನ್ ಕೈಚಳಕ. ಐಸ್‌ಲ್ಯಾಂಡ್ ಕ್ರಿಶ್ಚಿಯನ್ ಆಗಿದ್ದು ಸುಮಾರು 1000ದಲ್ಲಿ, ಸ್ನೋರಿ ಬರೆದದ್ದು ಸುಮಾರು 1220ರಲ್ಲಿ. ಬೆಳಕಿನ ಆಲ್ಫರ್ ನೋಡೋಕೆ ಸೂರ್ಯನಿಗಿಂತ ಚೆಂದ, ಕತ್ತಲೆ ಆಲ್ಫರ್ ಟಾರಿಗಿಂತ ಕಪ್ಪು, ನೆಲದೊಳಗೆ ವಾಸ ಅಂತಾನೆ. ಮೂರನೇ ಸ್ವರ್ಗದಲ್ಲಿ ಈಗ ಬೆಳಕಿನ ಆಲ್ಫರ್ ಮಾತ್ರ ಇರೋದು ಅಂತ ನಮ್ಮ ನಂಬಿಕೆ ಅಂತಲೂ ಸೇರಿಸ್ತಾನೆ, ಅಲ್ಲಿ ಚರ್ಚಿನ ದೇವದೂತರ ವಾಸನೆ ಚೆನ್ನಾಗೇ ಹೊಡೆಯುತ್ತೆ. ಇನ್ನು "ಕಪ್ಪು ಆಲ್ಫರ್ ಲೋಕ"ಕ್ಕೆ ಅವನ ಕಥೇಲಿ ಯಾರೇ ಹೋದ್ರೂ ಅಲ್ಲಿ ಸಿಗೋದು ಕುಳ್ಳರೇ. ಎರಡು ಪಕ್ಷ ಹೊಡೆದಾಡೋದು ಅವನೂ ಬರೆದಿಲ್ಲ, ಅದು ಗೇಮಿನವರದ್ದು.

ಆದ್ರೆ ಸಂಬಂಧ ಅಂತ ನಿಜವಾಗಿ ನೋಡ್ಬೇಕಂದ್ರೆ ಕಥೆ ಬಿಟ್ಟು ಪೂಜೆ ಕಡೆ ಬನ್ನಿ. ಐಸ್‌ಲ್ಯಾಂಡಿಗೆ ಬಂದು ನೆಲೆಸಿದ ಥೋರೋಲ್ಫ್ ಅನ್ನೋನು ಥಾರ್ ಭಕ್ತ, ತನ್ನ ಜಾಗಕ್ಕೆ ಥೋರ್ಸ್‌ನೆಸ್ ಅಂತ ಹೆಸರಿಟ್ಟು ಅಲ್ಲಿ ಸಭೆ ಸೇರೋ ಬಯಲಲ್ಲಿ ಯಾರೂ ಕಕ್ಕಸಿಗೆ ಕೂರಬಾರ್ದು ಅಂತ ಕಟ್ಟಪ್ಪಣೆ ಮಾಡಿದ್ದ, ಅದಕ್ಕೆ ಅಂತ ನೀರಿನಲ್ಲಿರೋ ಒಂದು ಬಂಡೆ ಬೇರೆ ಬಿಟ್ಟುಕೊಟ್ಟಿದ್ದ. ಐರ್‌ಬಿಗ್ಯಾ ಸಾಗಾದಲ್ಲಿ (ಸಾಗಾ ಅಂದ್ರೆ ಐಸ್‌ಲ್ಯಾಂಡಿನ ಹಳೆ ಗದ್ಯಕಥೆ) ಆ ಕೆಲಸಕ್ಕೆ ಬಳಸಿರೋ ಪದ "ಆಲ್ಫ್‌ರೆಕ್", ಆಲ್ಫರ್‌ನ ಓಡಿಸೋದು ಅಂತ ಅರ್ಥ. ಜಾಗ ಥಾರ್‌ದು, ಗಲೀಜು ಮಾಡಿದ್ರೆ ಎದ್ದು ಹೋಗೋರು ಆಲ್ಫರ್!

ಇನ್ನೊಂದು ಸುಮಾರು 1018ರದ್ದು. ನಾರ್ವೆ ರಾಜ ಓಲಾಫನ ಕವಿ ಸಿಗ್ವತ್, ಕ್ರಿಶ್ಚಿಯನ್, ಸ್ವೀಡನ್ ಕಡೆ ಹೋಗ್ತಾ ಇರ್ತಾನೆ, ಸಂಜೆ ಹೊತ್ತಿಗೆ ಒಂದು ಮನೆ ಬಾಗಿಲಿಗೆ ಹೋಗಿ ಉಳ್ಕೊಳ್ಳೋಕೆ ಜಾಗ ಕೇಳಿದ್ರೆ ಮನೆಯೊಡತಿ, ಮುಂದೆ ಬರಬೇಡ ಕಣಯ್ಯ, ನಮಗೆ ಓಡಿನ್ ಕೋಪಕ್ಕೆ ಭಯ, ಒಳಗೆ ಆಲ್ಫರ್ ಬಲಿ ನಡೀತಾ ಇದೆ ಅಂತ ತೋಳವನ್ನ ಅಟ್ಟೋ ಹಾಗೆ ಅಟ್ಟಿಬಿಟ್ಳು ಅಂತ ಅವನೇ ಪದ್ಯದಲ್ಲಿ ಗೋಳು ಹೇಳ್ಕೊಂಡಿದಾನೆ. ಮುಂದೆ ಒಂದೇ ಹೆಸರಿನ ಮೂರು ಜನ ಒಬ್ಬರಾದ ಮೇಲೆ ಒಬ್ಬರು ಬಾಗಿಲು ಹಾಕಿದ್ರಂತೆ, ಅದು ಬೇರೆ ಕಥೆ. ಗಮನಿಸಿ, ಬಲಿ ಆಲ್ಫರ್‌ಗೆ, ಅದು ಕೆಟ್ರೆ ಕೋಪ ಬರೋದು ಓಡಿನ್‌ಗೆ. ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕಿರೋ ಬೆಸ್ಟ್ ಉತ್ತರ ಆ ಹೆಂಗಸಿನದ್ದೇ.

ಹೆಸರು ಇರೋ, ಕಥೆನೂ ಇರೋ ಆಲ್ಫ್ ಬೇಕೇ ಬೇಕು ಅಂದ್ರೆ ವೋಲುಂಡ್ ಅನ್ನೋ ಕಮ್ಮಾರ ಇದಾನೆ, ಕವಿತೆ ಅವನನ್ನ "ಆಲ್ಫರ್ ಒಡೆಯ" ಅಂತ ಕರೆಯುತ್ತೆ, ತನ್ನ ಕಾಲಿನ ನರ ಕತ್ತರಿಸಿ ಕೂಡಿಹಾಕಿದ ರಾಜನ ಮಕ್ಕಳನ್ನ ಕೊಂದು ತಲೆಬುರುಡೆಗೆ ಬೆಳ್ಳಿ ಕಟ್ಟಿ ಬಟ್ಟಲು ಮಾಡಿ ಅದೇ ರಾಜನಿಗೆ ಕಳಿಸಿ ಹಾರಿಹೋಗ್ತಾನೆ. ಅಷ್ಟೆಲ್ಲಾ ಆದ್ರೂ ಅದರಲ್ಲಿ ಒಬ್ಬ ದೇವರೂ ತಲೆ ಹಾಕಲ್ಲ ನೋಡಿ.