ಸುತ್ತೋಲೆ ಗೋಡೆಗಿರಲಿ, ಸಭೆಗೆ ನೋಟ್‌ಬುಕ್ ಬರಲಿ

ಪ್ರಶ್ನೆ: ಶಾಲೆಯಲ್ಲಿ ತಿಂಗಳಿಗೊಮ್ಮೆ ಶಿಕ್ಷಕರ ಕಲಿಕಾ ಸಭೆ ನಡೆಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಎಲ್ಲರಿಗಿಂತ ಚಿಕ್ಕವಳು ನಾನೇ. ಸುತ್ತೋಲೆ ಓದಿ ಸಹಿ ಹಾಕಿಸುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಪಾಠದ ಮಾತೆತ್ತಿದರೆ ಹಿರಿಯರು ಗಡಿಯಾರ ನೋಡುತ್ತಾರೆ. ಏನು ಮಾಡಲಿ, ಮೇಡಂ?

ಉತ್ತರ: ನಾನೂ ಆ ಗಡಿಯಾರ ನೋಡಿದವಳೇ, ಬಿಡಿ. 20 ವರ್ಷ ಗಣಿತ ಕಲಿಸಿದ ಮೇಲೆ, ಹೇಗೆ ಕಲಿಸಬೇಕು ಅಂತ ಯಾರಾದರೂ ಭಾಷಣ ಶುರು ಮಾಡಿದರೆ ಮೈ ಉರಿಯುತ್ತಿತ್ತು.

ಸುತ್ತೋಲೆಯನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ. ಸಭೆಗೆ ಮಕ್ಕಳ ನಾಲ್ಕು ನೋಟ್‌ಬುಕ್ ತನ್ನಿ, ಸಾಕು. ಒಮ್ಮೆ ನಾನು ಹಾಗೆ ಒಯ್ದಿದ್ದೆ. 0.3ಕ್ಕಿಂತ 0.25 ದೊಡ್ಡದು ಅಂತ ಒಬ್ಬ ಹುಡುಗ ಬರೆದಿದ್ದ. "ಗಮನವೇ ಇಲ್ಲ ಇವನಿಗೆ" ಅಂದೆ. ಡ್ರಾಯಿಂಗ್ ಮೇಷ್ಟ್ರು ಇಣುಕಿ ನೋಡಿ, "ಮೂರಕ್ಕಿಂತ ಇಪ್ಪತ್ತೈದು ದೊಡ್ಡದಲ್ವಾ? ಅವನ ಲೆಕ್ಕ ಅವನಿಗೆ ಸರಿ" ಅಂದರು. ನನಗದು ಹೊಳೆದೇ ಇರಲಿಲ್ಲ! ನೂರು ಮನೆಯ ಚೌಕ ಬರೆಸಿ ಬಣ್ಣ ತುಂಬಿಸಿ ಅಂತ ದಾರಿ ತೋರಿಸಿದವರೂ ಅವರೇ. ಒಂದು ಚೌಕದಲ್ಲಿ 25 ಮನೆ, ಇನ್ನೊಂದರಲ್ಲಿ ಪೂರ್ತಿ ಮೂರು ಸಾಲು, ಅಂದರೆ 30. ಹುಡುಗ ತಾನೇ ಎಣಿಸಿ ನಕ್ಕ.

ಏಳುವ ಮುಂಚೆ ಎಲ್ಲರೂ ಒಂದೇ ಒಂದು ಸಣ್ಣ ಪ್ರಯೋಗ ಒಪ್ಪಿಕೊಳ್ಳಲಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಹೆಚ್ಚುಕಡಿಮೆ 1 ಸೆಕೆಂಡ್ ಅಂತ 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿಕೊಟ್ಟರು. 3 ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡುವ ಮಕ್ಕಳೂ ಜಾಸ್ತಿಯಾಗುತ್ತಾರೆ. ಇದರಿಂದಲೇ ಶುರು ಮಾಡಿ. ನಾನು ಮಾಡಿದಾಗ ಎರಡನೇ ಸೆಕೆಂಡಿಗೇ ಉತ್ತರ ನಾನೇ ಹೇಳಿಬಿಟ್ಟಿದ್ದೆ. ಮುಂದಿನ ಸಭೆಯ ಮೊದಲ ಮಾತು "ಮಾಡಿ ನೋಡಿದಿರಾ, ಏನಾಯ್ತು?" ಅಂತಿರಲಿ. ನಿಮ್ಮ ಎಡವಟ್ಟನ್ನು ನೀವೇ ಮೊದಲು ಹೇಳಿ. ಚಿಕ್ಕವರಾಗಿರುವುದು ಅಲ್ಲಿ ಅನುಕೂಲವೇ.

ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಕೂಡಿ ಒಂದು ಪಾಠ ತಯಾರಿಸುತ್ತಾರೆ. ಒಬ್ಬರು ಪಾಠ ಮಾಡಿದರೆ ಉಳಿದವರು ಮಕ್ಕಳನ್ನು ಗಮನಿಸುತ್ತಾರೆ. ಚೆಂದದ ಪದ್ಧತಿ. ಆದರೆ ಈಗಲೇ ಬೇಡ, ಸ್ವಲ್ಪ ಸಲಿಗೆ ಬೆಳೆಯಲಿ.

ಹೆಡ್ ಮಾಸ್ಟರ್ ಹತ್ತಿರ ಮಾತ್ರ ಒಂದು ವಿಷಯ ಮೊದಲೇ ಒಪ್ಪಿಸಿಕೊಳ್ಳಿ. ಸಭೆಯಲ್ಲಿ ಹೇಳಿಕೊಂಡ ತಪ್ಪು ಯಾರ ವರದಿಗೂ ಹೋಗಬಾರದು. ಹೋಯಿತೋ, ಮುಂದಿನ ತಿಂಗಳು ಎಲ್ಲರ ಪಾಠವೂ ಬಹಳ ಚೆನ್ನಾಗಿ ನಡೆದಿರುತ್ತದೆ!