ಮಗಳ ಫೋನ್ ಕಸಗೋಬೇಕೋ ಬ್ಯಾಡೋ?

ಇಂಡಿ ತಾಲೂಕಿನ ಅಕ್ಕಾರ, ನಮಸ್ಕಾರ ರೀ. ನಿಮ್ಮ ಪತ್ರ ಎರಡ ಸಲ ಓದಿದೆ. ಉಳಿದ ಓದುಗರಿಗೂ ತಿಳೀಲಿ ಅಂತ ಸಣ್ಣದಾಗಿ ಹೇಳ್ತೀನಿ. ವಿಜಯಪುರಕ್ಕ ಪಿಯುಸಿಗೆ ಹೋಗೋ ಮಗಳಿಗೆ "ದಾರ್ಯಾಗ ಏನರ ಆದ್ರ ಇರ್ಲಿ" ಅಂತ ಸ್ಮಾರ್ಟ್‌ಫೋನ್ ಕೊಡಿಸಿದ್ರಿ, ಒಂದಿನ ಸಂಜಿಮುಂದ ಬಸ್ ಕೆಟ್ಟು ನಿಂತ್ತು, ಆಕಿ ಫೋನ್ ಚಾರ್ಜೂ ಮುಗೀತು, ಪಾನ್ ಅಂಗಡ್ಯಾವ್ರು ಪಾಪ ತಮ್ಮ ಫೋನ್ ತಗದು "ಯಾರಿಗೆ ಹಚ್ಚಲಿ ತಂಗಿ" ಅಂದ್ರ ಆಕಿಗೆ ಅಪ್ಪನ ನಂಬರೂ ಬರ್ಲಿಲ್ಲ, ನಿಮ್ದೂ ಬರ್ಲಿಲ್ಲ. ಮನಿ ಮುಟ್ಟಿದಾಗ ರಾತ್ರಿ ಒಂಬತ್ತೂವರಿ. ಈಗ ಆ ಫೋನ್ ಕಸಗೊಂಡು ಬೀರುದಾಗ ಇಡ್ಲೇನು ಅಂತ ಕೇಳೀರಿ.

ಕಸಗೋಬ್ಯಾಡ್ರಿ. ತಪ್ಪು ಆಕೀದೊಂದ ಅಲ್ಲ.

ನಿಮ್ಮ ಪತ್ರದಾಗ ಒಂದು ಸಾಲು ಹಂಗ ಬರದು ಮುಂದ ಹೋಗೀರಿ, ಯಜಮಾನ್ರು ಗಾಡಿ ಮ್ಯಾಲ ಬರ್ತಾನೇ ಫೋನ್ ಎತ್ತತಾರ ಅಂತ. ನನಗ ಮಗಳಕಿಂತ ಅವರದ ಚಿಂತಿ ಹತ್ತಿತು ನೋಡ್ರಿ. 60 ಸ್ಪೀಡಿನಾಗ ಮೂರ ಸೆಕೆಂಡ್ ಸ್ಕ್ರೀನ್ ನೋಡಿದ್ರ ಗಾಡಿ 50 ಮೀಟರ್ ಮುಂದ ಹೋಗಿರ್ತದ, ಕಣ್ಣ ಮುಚ್ಚಿ ಹೊಡದಂಗ. ಅದೂ ಕಬ್ಬಿನ ಸೀಜನ್ನಿನಾಗ, ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಿಂದ ಒಂದು ಕೆಂಪು ದೀಪನೂ ಇಲ್ದ ಹೋಗೋ ಟ್ರ್ಯಾಕ್ಟರ್ ನಮ್ಮ ಕಡೆ ಎಷ್ಟಿರ್ತಾವ ನಿಮಗ ಗೊತ್ತದ. ಮನಿಯಿಂದ "ಎಲ್ಲಿದ್ದೀರಿ" ಅಂತ ಫೋನ್ ಹಚ್ಚೋರು ನಾವ, ಅವರು ಎತ್ತಲಿಲ್ಲಂದ್ರ ಸಿಟ್ಟಾಗೋರೂ ನಾವ. ಎತ್ತಬ್ಯಾಡ್ರಿ ಅಂತ ಮೊದಲ ಹೇಳಿಬಿಡ್ರಿ.

ಇನ್ನ ಉಣ್ಣೂವಾಗ ಫೋನ್ ಹಿಡಿಯೋ ವಿಷಯ. ನಮ್ಮ ಬಾಜೂಕ ಸಾಂಗ್ಲಿ ಜಿಲ್ಲಾದಾಗ ಮೋಹಿತ್ಯಾಂಚೆ ವಡಗಾಂವ ಅಂತ ಊರದ, 2022ರಿಂದ ಅಲ್ಲಿ ಸಂಜಿ 7ಕ್ಕ ಗುಡಿ ಮ್ಯಾಲಿನ ಸೈರನ್ ಹೊಡಿತಿತ್ತು, ಎಂಟೂವರಿ ತನಕ ಟಿವಿ ಫೋನ್ ಎಲ್ಲಾ ಬಂದ್. ಅದನ್ನ ಓದಿ ನಾನೂ ನಮ್ಮ ಮನ್ಯಾಗ ಶುರು ಮಾಡಿದೆ, ಉಣ್ಣೂವಾಗ ಎಲ್ಲಾರ ಫೋನ್ ಜ್ವಾಳದ ಡಬ್ಬಿ ಮ್ಯಾಲ. ಖರೆ ಹೇಳ್ತೀನಿ, ಮೊದಲ ಎರಡ ದಿನ ಹಪ್ಪಳ ಕಡಿಯೋ ಸಪ್ಪಳ ಬಿಟ್ರ ಏನೂ ಇಲ್ಲ, ಮಾತಾಡಾಕ ವಿಷಯನ ಇಲ್ಲ. ಮೂರನೇ ದಿನ ಮಗ ರೊಟ್ಟಿ ಮುರೀತಾ ಬಾಯಿ ಬಿಟ್ಟ. ಯಾರೋ ಪೊಲೀಸ್ ಡ್ರೆಸ್ಸಿನಾಗ ವಿಡಿಯೋ ಕಾಲ್ ಮಾಡಿ "ನಿನ್ನ ಹೆಸರಿಲೆ ಪಾರ್ಸಲ್ ಸಿಕ್ಕದ, ಡಿಜಿಟಲ್ ಅರೆಸ್ಟ್ ಮಾಡೀವಿ, ಯಾರಿಗೂ ಹೇಳಬ್ಯಾಡ" ಅಂದಿದ್ರಂತ, ನಾಕ ದಿನದಿಂದ ಹುಡುಗ ಒಬ್ಬನ ಒಳಗೊಳಗ ಅಂಜಿ ಸಾಯ್ಲಿಕತ್ತಿದ್ದ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾಯ್ದೆದಾಗ ಇಲ್ಲವೇ ಇಲ್ಲ, ಇಂಥದ್ದಕ್ಕ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚಬೇಕು ಅಂತ ನಾನ ಎಷ್ಟ ಸಲ ಪತ್ರಿಕಾದಾಗ ಛಾಪ್ಸೀನಿ, ಮಗಗ ಹೇಳಿರ್ಲಿಲ್ಲ! ಆ ಕಳ್ಳರಿಗೆ ಬೇಕಾಗಿದ್ದೂ ಅದ ಅಲ್ರಿ, ಮನ್ಯಾಗ ಯಾರಿಗೂ ಗೊತ್ತಾಗಬಾರ್ದು ಅನ್ನೋದು.

ಅದಕ್ಕ ಫೋನ್ ಮಗಳ ಹತ್ರನ ಇರ್ಲಿ. ಲಾಕ್ ಇದ್ರೂ ಎಮರ್ಜೆನ್ಸಿ ಅಂತ ಒತ್ತಿ 112 ಹಚ್ಚಬಹುದು, ಅದನ್ನ ಒಮ್ಮೆ ತೋರಸ್ರಿ. ಫೋನೇ ಸತ್ತಾಗ? ಒಂದು ಚೀಟಿ ಬರದು ಬಸ್ ಪಾಸಿನ ಕವರಿನಾಗ ಇಡ್ರಿ, ಮ್ಯಾಲ ಉಣ್ಣಾಕ ಕುಂತಾಗ ದಿನಾ ಒಮ್ಮೆ ಅಪ್ಪಂದು ಅವ್ವಂದು ನಂಬರ್ ಬಾಯಿಲೆ ಹೇಳಸ್ರಿ, ಮಗ್ಗಿ ಹೇಳಿಸ್ತಿದ್ರಲ್ಲ ಹಂಗ. ನನಗ ನನ್ನ ಹೆಂಡತಿ ನಂಬರ್ ಬರೂದಿಲ್ಲ, ಮೂವತ್ತ ವರ್ಷದ ಹಿಂದಿನ ಲ್ಯಾಂಡ್‌ಲೈನ್ ನಂಬರ್ ಮಾತ್ರ ಇನ್ನೂ ನೆನಪದ, ಏನ್ ಮಾಡ್ಲಿ.

ಹಾಂ, ಪತ್ರದ ಕೆಳಗ ನಿಮ್ಮ ನಂಬರ್ ಬರದೀರಲ್ಲ, ಮಾತಾಡೂಣು ಅಂತ ಹಚ್ಚಾಕ ಹೋದೆ. ಎಣಿಸಿ ನೋಡಿದ್ರ ಒಂಬತ್ತ ಅಂಕಿ ಅದಾವ ರೀ ಅಕ್ಕಾರ.