ಪಟ್ಟಿಯಲ್ಲಿರೋ ದೇಶಗಳನ್ನ ಎಣಿಸಬೇಡಿ

ಕೆಂಪು ಸಮುದ್ರಕ್ಕೆ ಯಾವ್ಯಾವ ದೇಶ ಯುದ್ಧನೌಕೆ ಕಳಿಸುತ್ತೆ ಅಂತ ಮೊದಲೇ ಅಂದಾಜು ಮಾಡಿ ಫ್ರೇಟ್ (ಹಡಗಿನ ಸಾಗಣೆ ದರ) ಕೋಟ್ ಮಾಡಬಹುದಾ ಅಂತ ಕೇಳಿದ್ದೀರಿ. 2023ರ ಡಿಸೆಂಬರ್‌ನಲ್ಲಿ ನಾನು ಮಾಡಿದ್ದು ಇದನ್ನೇ.

ಆಗ ಹಾಸನದ ಒಂದು ಕಾಫಿ ರಫ್ತು ಕಂಪನಿಯಲ್ಲಿ ಶಿಪ್ಪಿಂಗ್ ನೋಡ್ಕೊಳ್ತಿದ್ದೆ. ನಮ್ಮ ರೋಬಸ್ಟಾ ಬಹುಪಾಲು ಹೋಗ್ತಿದ್ದದ್ದು ಇಟಲಿಗೆ. ಮಂಗಳೂರಲ್ಲಿ ಕಂಟೇನರ್ ಹತ್ತಿದರೆ ಕೊಲಂಬೊದಲ್ಲಿ ದೊಡ್ಡ ಹಡಗು, ಆಮೇಲೆ ಕೆಂಪು ಸಮುದ್ರದ ಬಾಗಿಲಂತಿರೋ ಬಾಬ್ ಎಲ್-ಮಂದೆಬ್ ಜಲಸಂಧಿ, ಸೂಯೆಜ್, ಕೊನೆಗೆ ಇಟಲಿಯ ಟ್ರಿಯೆಸ್ಟೆ ಬಂದರು. ಇಷ್ಟು ವರ್ಷ ಆ ಜಲಸಂಧಿಯ ಹೆಸರನ್ನೂ ನಾವು ಎತ್ತಿದವರಲ್ಲ. ನವೆಂಬರ್ 19ಕ್ಕೆ ಯೆಮೆನ್‌ನ ಬಂಡುಕೋರ ಹೂಥಿಗಳು ಗ್ಯಾಲಕ್ಸಿ ಲೀಡರ್ ಹಡಗನ್ನ ಹೆಲಿಕಾಪ್ಟರಿಂದ ಇಳಿದು ಹಿಡ್ಕೊಂಡ ವಿಡಿಯೊ ಬಂದ ಮೇಲೆ ಆಫೀಸಲ್ಲಿ ಬೇರೆ ಮಾತೇ ಇರಲಿಲ್ಲ.

ಡಿಸೆಂಬರ್ 18ಕ್ಕೆ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ 'ಆಪರೇಷನ್ ಪ್ರಾಸ್ಪೆರಿಟಿ ಗಾರ್ಡಿಯನ್' ಅನ್ನೋ, ವ್ಯಾಪಾರಿ ಹಡಗುಗಳನ್ನ ಕಾಯೋ ಜಂಟಿ ನೌಕಾ ಕಾರ್ಯಾಚರಣೆ ಘೋಷಿಸಿದರು. ಬ್ರಿಟನ್, ಬಹ್ರೇನ್, ಕೆನಡಾ, ಫ್ರಾನ್ಸ್, ಇಟಲಿ, ನೆದರ್ಲೆಂಡ್ಸ್, ನಾರ್ವೆ, ಸೀಶೆಲ್ಸ್, ಸ್ಪೇನ್. ಅಮೆರಿಕವೂ ಸೇರಿ ಹತ್ತು. ನಾನು ಎಕ್ಸೆಲ್ ತೆರೆದು ಕೂತೆ. ಒಂದು ಕಾಲಮ್‌ನಲ್ಲಿ ದೇಶ, ಇನ್ನೊಂದರಲ್ಲಿ ಸೂಯೆಜ್ ಮೇಲೆ ಆ ದೇಶದ ವ್ಯಾಪಾರ ಎಷ್ಟು ನಿಂತಿದೆ ಅನ್ನೋದು, ಮೂರನೇದರಲ್ಲಿ ಅಮೆರಿಕದ ಜೊತೆ ಎಷ್ಟು ಹತ್ತಿರ. ಕೊನೆಗೆ ಒಂದು ದೇಶಕ್ಕೆ ಕನಿಷ್ಠ ಒಂದು ಹಡಗು ಅಂತ ಕೂಡಿಸಿದೆ. ಜನವರಿ ಮಧ್ಯಕ್ಕೆ ದಾರಿ ಸರಿಹೋಗುತ್ತೆ ಅಂತ ಯಜಮಾನರಿಗೆ ಬರೆದುಕೊಟ್ಟೆ.

ನನ್ನ ತಪ್ಪು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಡಗು ಬರುತ್ತೆ ಅಂತ ಓದಿಕೊಂಡೆ. ನಾರ್ವೆ ಕಳಿಸಿದ್ದು ಹೆಚ್ಚೆಂದರೆ ಹತ್ತು ಅಧಿಕಾರಿಗಳನ್ನ, ಅದೂ ಬಹ್ರೇನ್‌ನ ಕಚೇರಿಗೆ. ನೆದರ್ಲೆಂಡ್ಸ್ ಇಬ್ಬರನ್ನ. ಕೆನಡಾ ಕೂಡ ಬೆರಳೆಣಿಕೆಯ ಸಿಬ್ಬಂದಿಯನ್ನ. ಪಟ್ಟಿಯಲ್ಲಿದ್ದ ಸ್ಪೇನ್, ನಾವು ಸೇರೋದಿಲ್ಲ ಅಂತು. ಫ್ರಾನ್ಸ್, ನಮ್ಮ ಹಡಗು ನಮ್ಮ ಆಜ್ಞೆಯಲ್ಲೇ ಇರುತ್ತೆ ಅಂತು. ಇಟಲಿಯ ಫ್ರಿಗೇಟ್ ವಿರ್ಜಿನಿಯೊ ಫಸಾನ್ ಹೊರಟಿತ್ತು ನಿಜ, ಆದರೆ ಅದು ಇಟಲಿಯ ಹಡಗು ಮಾಲೀಕರ ಕೋರಿಕೆಯ ಮೇಲೆ, ಅಮೆರಿಕದ ಕಾರ್ಯಾಚರಣೆಯ ಭಾಗವಾಗಿ ಅಲ್ಲ. ಇವೆಲ್ಲ ಗುಟ್ಟಿನ ಮಾತಲ್ಲ, ಆ ವಾರದ ಪತ್ರಿಕೆಗಳಲ್ಲೇ ಇತ್ತು. ನಾನು ಮೊದಲ ದಿನದ ಸುದ್ದಿ ಓದಿ ಶೀಟ್ ಮುಗಿಸಿದ್ದೆ. ಮತ್ತೆ ತೆರೆಯಲಿಲ್ಲ.

ಇನ್ನೊಂದು ವಿಷಯ ಈಗಲೂ ಚುಚ್ಚುತ್ತೆ. ಅದೇ ಡಿಸೆಂಬರ್ 18ಕ್ಕೆ ಲಂಡನ್ ವಿಮಾ ಮಾರುಕಟ್ಟೆಯ ಜಾಯಿಂಟ್ ವಾರ್ ಕಮಿಟಿ ಕೆಂಪು ಸಮುದ್ರದ ಅಪಾಯ ವಲಯದ ಗಡಿಯನ್ನ 15 ಡಿಗ್ರಿಯಿಂದ 18 ಡಿಗ್ರಿ ಉತ್ತರಕ್ಕೆ ಏರಿಸಿತ್ತು. ಅಂದ್ರೆ ನೌಕಾಪಡೆಗಳು ಬರ್ತಾವೆ ಅಂತ ಘೋಷಣೆಯಾದ ದಿನವೇ ವಿಮೆಯವರು ಅಪಾಯ ಹಿಗ್ಗಿದೆ ಅಂತ ಬರೆದಿದ್ದರು. ಎರಡೂ ಸುದ್ದಿ ನನ್ನ ಮೇಲ್‌ಗೆ ಬಂದಿದ್ದವು. ಒಂದನ್ನ ಮಾತ್ರ ಓದಿದೆ.

ಕ್ರಿಸ್‌ಮಸ್ ಹಿಂದಿನ ದಿನ ದೊಡ್ಡ ಹಡಗು ಕಂಪನಿ ಮೇರ್ಸ್ಕ್ ಮತ್ತೆ ಕೆಂಪು ಸಮುದ್ರದಲ್ಲಿ ಹಡಗು ಬಿಡೋಕೆ ತಯಾರಿ ಅಂತ ಹೇಳಿತು. ನನ್ನ ಲೆಕ್ಕಕ್ಕೆ ಮುದ್ರೆ ಬಿದ್ದ ಹಾಗಾಯ್ತು. 26ಕ್ಕೆ ಆರು ಕಂಟೇನರ್, ಕಂಟೇನರಿಗೆ 320 ಚೀಲದಂತೆ, ಟ್ರಿಯೆಸ್ಟೆ ತನಕ ಫ್ರೇಟ್ ನಮ್ಮದು ಅನ್ನೋ ಕರಾರಿಗೆ ನವೆಂಬರ್‌ನ ದರ ಹಾಕಿ ಕೋಟ್ ಕಳಿಸಿದೆ. ಮಂಗಳೂರಿನ ನಮ್ಮ ಸಿಎಚ್‌ಎ (ಕಸ್ಟಮ್ಸ್ ಏಜೆಂಟ್) ಫೋನ್ ಮಾಡಿದಾಗ ಕೇಳಿದ್ದರು: "ಅಲ್ಲ ಮಾರಾಯ್ರೆ, ನೇವಿ ಬಂದ್ರೆ ಸಾಕಾ? ಲೈನರ್‌ನವ್ರು, ಅಂದ್ರೆ ಹಡಗು ಕಂಪನಿಯವ್ರು, ಹೋಗ್ಬೇಕಲ್ಲ?" ಹೋಗ್ತಾರೆ ಬಿಡಿ ಅಂದೆ.

30ರ ರಾತ್ರಿ ಮೇರ್ಸ್ಕ್ ಹಾಂಗ್‌ಜೌ ಹಡಗಿನ ಮೇಲೆ ಕ್ಷಿಪಣಿ ಬಿತ್ತು. ಮರುದಿನ ಬೆಳಗ್ಗೆ ಹೂಥಿಗಳು ಸಣ್ಣ ದೋಣಿಗಳಲ್ಲಿ ಬಂದು ಹತ್ತೋಕೆ ನೋಡಿದರು, ಅಮೆರಿಕದ ಹೆಲಿಕಾಪ್ಟರ್‌ಗಳು ಮೂರು ದೋಣಿ ಮುಳುಗಿಸಿದವು. ನೌಕಾಪಡೆ ತನ್ನ ಕೆಲಸ ಮಾಡಿತ್ತು. ಆದರೂ ಜನವರಿ ಮೊದಲ ವಾರದಲ್ಲಿ ಕಂಪನಿ ತನ್ನ ಹಡಗುಗಳನ್ನೆಲ್ಲ ಕೇಪ್ ಆಫ್ ಗುಡ್ ಹೋಪ್ ಕಡೆ ತಿರುಗಿಸಿತು. ಹಡಗಿನ ಬೆಲೆಯ ಶೇಕಡಾ 0.1ರೊಳಗಿದ್ದ ಯುದ್ಧ ವಿಮೆಯ ಪ್ರೀಮಿಯಂ ಶೇಕಡಾ 0.7, ಕೆಲವರಿಗೆ 1ರ ತನಕ ಹೋಯ್ತು. ಟ್ರಿಯೆಸ್ಟೆಗೆ ಆಫ್ರಿಕಾ ಸುತ್ತಿ ಹೋಗೋದು ಅಂದ್ರೆ ಜಿಬ್ರಾಲ್ಟರಿಂದ ಒಳಗೆ ಬಂದು ಮೆಡಿಟರೇನಿಯನ್ ದಾಟಿ ಮತ್ತೆ ಏಡ್ರಿಯಾಟಿಕ್‌ನ ತುದಿ ಮುಟ್ಟಬೇಕು. ನಮಗೆ ಸುಮಾರು ಮೂರು ವಾರ ಹೆಚ್ಚಾಯ್ತು, ಫ್ರೇಟ್ ಮೂರು ಪಟ್ಟಾಯ್ತು. ಖರೀದಿದಾರರು ದಾಖಲೆ ಕೈಸೇರಿದ ಮೇಲಲ್ಲ, ಸರಕು ಬಂದ ಮೇಲೆ ದುಡ್ಡು ಕೊಡೋರು. ಫೆಬ್ರವರಿ ರೋಬಸ್ಟಾ ಕೊಯ್ಲಿನ ಕಾಲ, ತೋಟದವರಿಗೆ ಪ್ರತಿ ವಾರ ಬಟವಾಡೆ ಮಾಡಲೇಬೇಕು. ಸಕಲೇಶಪುರದ ಕಡೆಯ ಒಬ್ಬ ಹಿರಿಯ ಬೆಳೆಗಾರರು ಎರಡನೇ ಕಂತಿಗೆ ಮೂರು ಸಲ ಆಫೀಸಿಗೆ ಬಂದರು. ಅವರ ಎದುರು ಕೂತು ಯೆಮೆನ್ ಬಗ್ಗೆ ಹೇಳೋಕೆ ನನ್ನಿಂದ ಆಗಲಿಲ್ಲ.

ಇನ್ನು ನಿಮ್ಮ ಲೆಕ್ಕದ ಬಗ್ಗೆ. ಯಾರಿಗೆ ನಷ್ಟ ಹೆಚ್ಚೋ ಅವರು ಹಡಗು ಕಳಿಸ್ತಾರೆ ಅಂತ ನೀವು ಹಿಡಿದಿದ್ದೀರಿ. ಅದು ತಪ್ಪು. 2024ರಲ್ಲಿ ಸೂಯೆಜ್ ಆದಾಯ ಬಿದ್ದು ಸುಮಾರು 700 ಕೋಟಿ ಡಾಲರ್ ಕಳಕೊಂಡ ಈಜಿಪ್ಟ್ ಆ ಪಟ್ಟಿಯಲ್ಲಿ ಇರಲಿಲ್ಲ. ಪಕ್ಕದ ಸೌದಿ ಆಗ ಹೂಥಿಗಳ ಜೊತೆ ಶಾಂತಿ ಮಾತುಕತೆಯಲ್ಲಿತ್ತು, ಅದೂ ಬರಲಿಲ್ಲ. ಜಿಬೂಟಿಯಲ್ಲಿ 2017ರಿಂದ ನೆಲೆ ಇಟ್ಕೊಂಡಿರೋ ಚೀನಾ ಕೂಡ ಸೇರಲಿಲ್ಲ. ಬಂದವರು ಯಾರು ಅಂತ ನೋಡಿದರೆ, ಆಗಲೇ ಆ ನೀರಲ್ಲಿ ಇದ್ದವರೇ ಮೊದಲು. ಫ್ರಾನ್ಸಿನ ಲಾಂಗ್‌ಡಾಕ್ ಫ್ರಿಗೇಟ್ ಡಿಸೆಂಬರ್ 9ಕ್ಕೇ ಡ್ರೋನ್‌ಗಳನ್ನ ಹೊಡೆದಿತ್ತು, ಘೋಷಣೆಗಿಂತ ಒಂಬತ್ತು ದಿನ ಮುಂಚೆ. ಜರ್ಮನಿಯ ಯುದ್ಧನೌಕೆ ಹೆಸ್ಸೆನ್‌ಗೆ ತನ್ನ ಸಂಸತ್ತಿನ ಒಪ್ಪಿಗೆ ಸಿಗೋ ಹೊತ್ತಿಗೆ ಫೆಬ್ರವರಿ 23. ಡೆನ್ಮಾರ್ಕ್ ಒಳ್ಳೆಯ ಹಡಗನ್ನೇ ಕಳಿಸಿತು, ಮಾರ್ಚ್‌ನಲ್ಲಿ ದಾಳಿಯ ನಡುವೆಯೇ ಅದರ ಶಸ್ತ್ರ ವ್ಯವಸ್ಥೆ ಕೈಕೊಟ್ಟಿತು.

ಭಾರತಕ್ಕೆ ನನ್ನ ಶೀಟ್‌ನಲ್ಲಿ ಸೊನ್ನೆ ಇತ್ತು, ಪಟ್ಟಿಯಲ್ಲಿ ಇಲ್ಲ ಅಂತ. ಡಿಸೆಂಬರ್ 23ಕ್ಕೆ ಸೌದಿಯಿಂದ ನಮ್ಮ ಮಂಗಳೂರಿಗೇ ಕಚ್ಚಾತೈಲ ತರ್ತಿದ್ದ ಕೆಮ್ ಪ್ಲೂಟೊ ಮೇಲೆ ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ ಡ್ರೋನ್ ಬಿತ್ತು. ಹಡಗಿನ ಬಾವುಟ ಲೈಬೀರಿಯಾದ್ದು, ಮಾಲೀಕರು ಜಪಾನಿನವರು, ನಡೆಸೋರು ನೆದರ್ಲೆಂಡ್ಸಿನವರು. ಸಿಬ್ಬಂದಿಯಲ್ಲಿ ಒಬ್ಬರು ಬಿಟ್ಟು ಎಲ್ಲರೂ ಭಾರತೀಯರು. ಓಡಿ ಬಂದದ್ದು ನಮ್ಮ ಕೋಸ್ಟ್ ಗಾರ್ಡ್‌ನ ವಿಕ್ರಮ್. ಆಮೇಲೆ ಮೊರ್ಮುಗಾವ್, ಕೊಚ್ಚಿ, ಕೋಲ್ಕತಾ ಡೆಸ್ಟ್ರಾಯರ್‌ಗಳು ಅರಬ್ಬೀ ಸಮುದ್ರಕ್ಕೆ ಇಳಿದವು. ಜನವರಿಯಲ್ಲಿ ಏಡನ್ ಕೊಲ್ಲಿಯಲ್ಲಿ ತೈಲ ಹಡಗು ಮಾರ್ಲಿನ್ ಲುವಾಂಡ ಹೊತ್ತಿ ಉರಿದಾಗ ಬೆಂಕಿ ಆರಿಸೋಕೆ ನಿಂತದ್ದು ಐಎನ್‌ಎಸ್ ವಿಶಾಖಪಟ್ಟಣಂ. ಯಾವ ಒಕ್ಕೂಟಕ್ಕೂ ಸೇರದೆ. ಈ ಮಾತು ಬರೆಯುವಾಗ ನನಗೆ ಹೆಮ್ಮೆ ಇದೆ. ಆದರೆ ಟ್ರಿಯೆಸ್ಟೆಗೆ ಹೋಗೋ ನನ್ನ ಕಂಟೇನರಿಗೆ ಅದರಿಂದ ದಾರಿ ತೆರೆಯಲಿಲ್ಲ.

ಹಾಗಾಗಿ ಯಾರ ನೌಕೆ ಅನ್ನೋ ಪ್ರಶ್ನೆಯನ್ನೇ ಕೈಬಿಡಿ ಅಂತೀನಿ. ಐರೋಪ್ಯ ಒಕ್ಕೂಟದ ನೌಕಾ ಕಾರ್ಯಾಚರಣೆ ಆಸ್ಪಿಡೆಸ್ ಫೆಬ್ರವರಿ 19ಕ್ಕೆ ಶುರುವಾಯ್ತು, ಇಟಲಿಯ ಯುದ್ಧನೌಕೆ ಕಾಯೊ ಡುಯಿಲಿಯೊ ಮಾರ್ಚ್ 2ಕ್ಕೆ ಡ್ರೋನ್ ಹೊಡೆದು ಹಾಕಿತು, ನನ್ನ ಊಹೆ ಒಂದು ಲೆಕ್ಕದಲ್ಲಿ ನಿಜವೇ ಆಯ್ತು. ನಮ್ಮ ಆರು ಕಂಟೇನರ್ ಆಗ ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿದ್ದವು. ನೀವು ದಿನಾ ನೋಡಬೇಕಾದ್ದು ಎರಡು: ಯುದ್ಧ ವಿಮೆಯ ದರ ಇಳೀತಾ, ದೊಡ್ಡ ಲೈನರ್‌ಗಳು ತಮ್ಮ ವೇಳಾಪಟ್ಟಿಯಲ್ಲಿ ಸೂಯೆಜ್ ಬರೆದಿದ್ದಾರಾ. ಒಂದು ಹಡಗು ಹೋಗಿ ಬಂತು ಅಂದ್ರೆ ಸಾಲದು, ಪೂರ್ತಿ ಸರ್ವಿಸ್ ಮರಳಿರಬೇಕು. ಅಲ್ಲಿ ತನಕ ಎಫ್‌ಓಬಿ ಮಂಗಳೂರು (ಮಂಗಳೂರಲ್ಲಿ ಹಡಗು ಹತ್ತಿಸೋ ತನಕ ಮಾತ್ರ ಖರ್ಚು ನಮ್ಮದು) ಬಿಟ್ಟು ಬೇರೆ ಕರಾರಿಗೆ ಸಹಿ ಹಾಕಬೇಡಿ. ಖರೀದಿದಾರರು ಒಪ್ಪದಿದ್ದರೆ, ಫ್ರೇಟ್ ಹೆಚ್ಚಳ ಅವರ ಲೆಕ್ಕಕ್ಕೆ ಅನ್ನೋ ಒಂದು ಸಾಲನ್ನಾದರೂ ಸೇರಿಸಿಕೊಳ್ಳಿ. ನಮ್ಮ ಇಟಲಿಯವರು ಮಾರ್ಚ್‌ನಲ್ಲಿ ಕೇಳಿದ ಕೂಡಲೇ ಒಪ್ಪಿದರು, ಡಿಸೆಂಬರ್‌ನಲ್ಲಿ ನಾನು ಕೇಳಿರಲೇ ಇಲ್ಲ.